ಎಣ್ಣೆ ಕುಡಿದ ಕವಿತೆ

ನನಗೆ ಒಂದು ವಸ್ತುವನ್ನು ಇಟ್ಟ ಕಡೆಯೇ ಇಟ್ಟಿರಲು ಆಗುವುದಿಲ್ಲ. ಕನ್ನಡಕದ ಡಬ್ಬಿ, ಔಷಧದ ಬಾಟಲಿ, ಮನೆಯ ಕಾಗದಪತ್ರ, ಎಲ್ಲಕ್ಕೂ ಆಗಾಗ ಹೊಸ ಜಾಗ ಹುಡುಕುತ್ತಿರುತ್ತೇನೆ. ಸೊಸೆ ಮೊದಮೊದಲು ಸಿಡುಕುತ್ತಿದ್ದಳು, ಈಗ ನಗುತ್ತ ಹುಡುಕಿ ಕೊಡುತ್ತಾಳೆ. ಅತ್ತೆಗೆ ವಯಸ್ಸಾಯಿತು ಎಂದು ತಾನೇ ಸಮಾಧಾನ ಮಾಡಿಕೊಂಡಿದ್ದಾಳೆ. ವಯಸ್ಸಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ, ನಾನು ಇನ್ನೂ ಪರಕಾರ ಉಡುವ ಸಣ್ಣ ಹುಡುಗಿಯಾಗಿದ್ದ ಕಾಲಕ್ಕೆ, ಒಂದು ತಗಡಿನ ಪೆಟ್ಟಿಗೆ ಕಾಲು ಬಂದ ಹಾಗೆ ಮನೆ ತುಂಬ ಅಡ್ಡಾಡಿತು. ಅದರ ಹಿಂದೆ ನಾವೂ ಅಡ್ಡಾಡಿದೆವು. ಆಗ ಹತ್ತಿದ ಚಾಳಿ ಇದು, ಬಿಟ್ಟಿಲ್ಲ, ಇನ್ನು ಬಿಡುವುದೂ ಇಲ್ಲ.

ಮನೆ ದೊಡ್ಡದೇನಲ್ಲ. ಬಾಗಿಲು ದಾಟಿದರೆ ಪಡಸಾಲೆ, ಅದರ ಮಗ್ಗುಲಿಗೆ ಅಪ್ಪನ ಪುಸ್ತಕದ ಕೋಣೆ, ಒಳಗೆ ಅಡಿಗೆಮನೆ, ಅಡಿಗೆಮನೆಯ ಬೆನ್ನಿಗೆ ಕಿಟಕಿಯೇ ಇಲ್ಲದ ದೇವರ ಕೋಣೆ. ಮೇಲೊಂದು ಅಟ್ಟ, ಹಿಂದೆ ಹಿತ್ತಲು. ಅಪ್ಪ ಸಾಲಿ ಮಾಸ್ತರ. ಸರಕಾರಿ ನೌಕರಿ. ಕೂತು ಚಹಾ ಕುಡಿದವನಲ್ಲ ಅವನು. ಬಸಿ ಕೈಯಲ್ಲಿ ಹಿಡಿದು ಪಡಸಾಲೆಯ ಉದ್ದಕ್ಕೂ ತಿರುಗುತ್ತ ಕುಡಿಯುತ್ತಿದ್ದ. ಅವ್ವನದು ಬೇರೆ ಥರದ ಚಡಪಡಿಕೆ. ಅವಳ ಕೈ ಕೆಲಸದಲ್ಲಿರುತ್ತಿತ್ತು, ಕಿವಿ ಮಾತ್ರ ಸದಾ ಓಣಿಯಲ್ಲಿ. ಈ ಇಬ್ಬರ ನಡುವೆ ನೆಟ್ಟಗೆ ಒಂದು ಕಡೆ ಕೂಡುತ್ತಿದ್ದವಳು ಆಯಿ, ಅಪ್ಪನ ತಾಯಿ. ಅಜ್ಜ ತೀರಿಕೊಂಡ ಮೇಲೆ ಅಮ್ಮಿನಬಾವಿಯಿಂದ ನಮ್ಮಲ್ಲಿಗೆ ಬರುವಾಗ ಅವಳು ತಂದದ್ದು ಅಜ್ಜನ ತಾಳೆಗರಿಯ ಕಟ್ಟುಗಳನ್ನು. ಶರಣರ ವಚನಗಳನ್ನು ಕಬ್ಬಿಣದ ಚೂಪು ಕಂಟದಿಂದ ಕೊರೆದ ಹಳೆಯ ಗರಿಗಳು. ಆಯಿಗೆ ಓದು ಬರುತ್ತಿರಲಿಲ್ಲ. ಆದರೆ ಆ ಗರಿಗಳನ್ನು ಜೋಪಾನ ಮಾಡುವುದು ಅವಳಿಗೆ ಬರುವಷ್ಟು ಅಪ್ಪನಿಗೂ ಬರುತ್ತಿರಲಿಲ್ಲ. ಪ್ರತಿ ವರ್ಷ ಮಹಾನವಮಿಗೆ ಮುಂಚೆ ಸ್ನಾನ ಮಾಡಿ, ಹಿತ್ತಲಲ್ಲಿ ಚಾಪೆ ಹಾಸಿ, ಕಟ್ಟು ಬಿಚ್ಚುತ್ತಿದ್ದಳು. ದೀಪದ ಕಾಡಿಗೆಯನ್ನು ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಕಲೆಸಿ ಗರಿಗೆ ಸವರಿ, ಆಮೇಲೆ ಮೆತ್ತನೆಯ ಅರಿವೆಯಿಂದ ಒರೆಸಿದರೆ ಮೇಲಿನ ಮಸಿ ಹೋಗುತ್ತಿತ್ತು, ಕೊರೆದ ಗೆರೆಯಲ್ಲಿ ಕೂತದ್ದು ಉಳಿಯುತ್ತಿತ್ತು. ಮಾಸಿದ ಅಕ್ಷರ ಕಪ್ಪಗೆ ಎದ್ದು ಬರುತ್ತಿತ್ತು. ಆಗ ಆಯಿ ಗರಿಯನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸುತ್ತಿದ್ದಳು.

“ನೋಡವಾ ನೀಲವ್ವಾ, ಶರಣರು ಎದ್ದು ಕುಂತ್ರು.”

ಲೀನಮ್ಮ ನಮ್ಮ ಮನೆಗೆ ಬರಲು ಶುರು ಮಾಡಿದ್ದು ಕನ್ನಡ ಕಲಿಯುವುದಕ್ಕೆ. ಮಿಷನ್ ಬಂಗಲೆಯ ಜರ್ಮನ್ ಪಾದ್ರಿಯ ಹೆಂಡತಿ ಆಕೆ. ನಿಜವಾದ ಹೆಸರು ಮಾರುದ್ದ ಇತ್ತು, ಅವ್ವ ಅದನ್ನು ಕತ್ತರಿಸಿ ಲೀನಮ್ಮ ಮಾಡಿದಳು. ಧಾರವಾಡದಲ್ಲಿ ಯಾರಿಗಾದರೂ ಮರ್ಯಾದೆ ಕೊಡಬೇಕಾದರೆ ಮಾತಿನ ಕೊನೆಗೆ ‘ರಿ’ ಹಚ್ಚಬೇಕು ಎಂದು ಅಪ್ಪ ಕಲಿಸಿದ್ದೇ ತಡ, ಅವರು ಅದನ್ನು ಎಲ್ಲರಿಗೂ ಹಚ್ಚಿಬಿಟ್ಟರು. ನನಗೂ ‘ಬರ್ರಿ’, ಹಾಲಿನವಳ ಕೂಸಿಗೂ ‘ಅಳಬ್ಯಾಡ್ರಿ’, ಚಾಪೆಯ ಮೇಲೆ ಮಲಗಿದ ಬೆಕ್ಕಿಗೂ ‘ಸ್ವಲ್ಪ ಸರೀರಿ’. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡುತ್ತಿದ್ದಳು. ಪಾಠ ಮುಗಿದ ಮೇಲೆ ಲೀನಮ್ಮ ನನ್ನನ್ನು ಹತ್ತಿರ ಕೂಡಿಸಿಕೊಂಡು ತಮ್ಮ ಭಾಷೆಯ ಹಳೆಯ ಕೈಬರಹವನ್ನು ಪಾಟಿಯ ಮೇಲೆ ಕಲಿಸುತ್ತಿದ್ದರು. ಮೊಳೆ ಸಾಲಾಗಿ ನಿಲ್ಲಿಸಿದ ಹಾಗಿದ್ದ ಆ ಬರಹವನ್ನು ಅವರ ದೇಶದಲ್ಲೇ ಈಗಿನ ಹುಡುಗರು ಓದಲಾರರಂತೆ. ನಾನು ಓದುತ್ತೇನೆ ಎಂಬ ಜಂಬ ನನಗೆ ಬಹಳ ದಿನ ಇತ್ತು.

ಅದನ್ನು ಕಲಿಸುವುದಕ್ಕೆ ಅವರು ಬಂಗಲೆಯಿಂದ ತರುತ್ತಿದ್ದದ್ದು ಮನೆತನದ ಕಾಗದಗಳನ್ನು. ಅವರ ಅಜ್ಜಿಯ ಅಜ್ಜಿ ವೈಮಾರ್ ಎಂಬ ಸಣ್ಣ ಊರಿನಲ್ಲಿದ್ದಳು. ಆ ಕಾಲಕ್ಕೆ ಆ ಊರು ಕವಿಗಳ, ಪಂಡಿತರ ಊರು. ಸಂಜೆಯಾದರೆ ಅವರಲ್ಲಿ ಕೆಲವರು ಈ ಅಜ್ಜಿಯ ಮನೆಯಲ್ಲಿ ಸೇರಿ, ಮೇಜಿನ ಸುತ್ತ ಕೂತು, ಹೊಸದಾಗಿ ಬರೆದದ್ದನ್ನು ಓದುತ್ತಿದ್ದರಂತೆ, ಜಗಳಾಡುತ್ತಿದ್ದರಂತೆ, ಮರುದಿನ ಒಬ್ಬರಿಗೊಬ್ಬರು ಚೀಟಿ ಬರೆದು ರಾಜಿಯಾಗುತ್ತಿದ್ದರಂತೆ. ಆ ಚೀಟಿಗಳು, ಪತ್ರಗಳು, ಕೆಲವು ಕೈಬರಹದ ಹಾಳೆಗಳು ಮಕ್ಕಳಿಂದ ಮೊಮ್ಮಕ್ಕಳಿಗೆ ಬಂದಿದ್ದವು. ಅರ್ಧ ಲೀನಮ್ಮನ ಅಣ್ಣನ ಬಳಿ, ಅರ್ಧ ಇವರ ಪಾಲಿಗೆ. ನಾನು ಏನೋ ದೊಡ್ಡ ಜ್ಞಾನ ಸಿಗುತ್ತದೆ ಎಂದು ಅಕ್ಷರ ಕೂಡಿಸಿ ಓದಿದರೆ, ಒಬ್ಬ ಮಹಾಪಂಡಿತ ಒಯ್ದ ಪುಸ್ತಕ ತಿರುಗಿ ಕೊಡಲಿಲ್ಲ ಎಂದು ಇನ್ನೊಬ್ಬ ದೂರಿದ್ದ. ಅಡಿಗೆಯವಳು ಬಿಟ್ಟು ಹೋದಳು ಎಂದು ಮತ್ತೊಬ್ಬ ಗೋಳಾಡಿದ್ದ. ನಮ್ಮ ಓಣಿಯ ಜನರಂತೆಯೇ ಇದ್ದರು. ನನಗೆ ಅವರು ಇಷ್ಟವಾದದ್ದೇ ಅದಕ್ಕೆ.

ಅದರಲ್ಲಿ ಒಂದು ಹಾಳೆ ಕವಿತೆಯದು. ಬರೆದವನು ಆ ಮನೆಗೆ ಬರುತ್ತಿದ್ದ ಒಬ್ಬ ತರುಣ. ಬೇಗ ಸತ್ತ, ಏನೂ ಅಚ್ಚಾಗಲಿಲ್ಲ. ಆ ಕವಿತೆ ಜಗತ್ತಿನಲ್ಲಿ ಇದ್ದದ್ದು ಆ ಒಂದೇ ಹಾಳೆಯಲ್ಲಿ. ಹಾಳೆಯ ಅರ್ಧಕ್ಕರ್ಧ ಹೊಡೆದು ಹಾಕಿದ ಸಾಲುಗಳು. ಬೇಕಾದ ಸಾಲನ್ನು ನವಿರಾಗಿ ಬರೆದ ಮನುಷ್ಯ ಬೇಡವಾದದ್ದನ್ನು ಹೊಡೆಯುವಾಗ ಲೇಖನಿಯನ್ನು ಕಾಗದ ಹರಿಯುವಷ್ಟು ಒತ್ತಿದ್ದ. ಬೆರಳಾಡಿಸಿದರೆ ಗೀರು ಕೈಗೆ ಹತ್ತುತ್ತಿತ್ತು. ಬಲು ಸಿಟ್ಟಿನವನು ಇರಬೇಕು ಎಂದು ನಾನು ಅಂದರೆ ಲೀನಮ್ಮ ನಕ್ಕು, ಸಿಟ್ಟು ತನ್ನ ಮೇಲೇ ಅಲ್ಲವೇನ್ರಿ ಅಂದಿದ್ದರು. ಮಂಜಿನ ಕಾಲದಲ್ಲಿ ಗಾಡಿ ಸಿಗದೆ ಎಲ್ಲೋ ಸಿಕ್ಕಿಕೊಂಡವನು ಆ ಮನೆಯ ಒಡತಿಗೆ ಬರೆದದ್ದು. ಒಲೆ ಆರಿಸಬೇಡ, ನನ್ನ ಕುರ್ಚಿ ಯಾರಿಗೂ ಕೊಡಬೇಡ ಎಂದೆಲ್ಲ ಹೇಳಿ, ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಅಗಳಿ ಹಾಕಬೇಡ, ಬಂದೇ ಬರುತ್ತೇನೆ ಎನ್ನುತ್ತಾನೆ. ನಾನು ಅದನ್ನು ಪಾಟಿಯ ಮೇಲೆ ಬರೆದು ಬರೆದು ಒರೆಸಿದೆ. ಬಾಯಿಪಾಠವಾಯಿತು.

ನಮ್ಮ ಮನೆಯಲ್ಲಿ ಬಾಯಿಪಾಠವಾದದ್ದನ್ನು ಸಂಜೆ ದೀಪ ಹಚ್ಚಿದ ಮೇಲೆ ದೇವರ ಮುಂದೆ ಹೇಳಬೇಕು. ವಚನವಾಗಲಿ, ಮಗ್ಗಿಯಾಗಲಿ, ಆಯಿಯ ಕಟ್ಟಳೆ ಅದು. ಇದನ್ನು ಹೇಳಬಹುದೋ ಬಾರದೋ ಎಂಬ ಪ್ರಶ್ನೆ ಎದ್ದಾಗ ಅಪ್ಪ ಚಹಾದ ಬಸಿ ಹಿಡಿದು ತಿರುಗುತ್ತಲೇ ತೀರ್ಪು ಕೊಟ್ಟ.

“ಹೇಳ್ಲಿ ಬಿಡವಾ. ಶರಣರೆಲ್ಲಾ ಅನುಭವ ಮಂಟಪದಾಗ ಕೂಡತಿದ್ರಲ್ಲ, ಹಂಗ ಅವರೂರಾಗೂ ಒಂದು ಮಂಟಪ ಇತ್ತು ಅಂತ ತಿಳ್ಕೊ. ಅಲ್ಲಿ ಕುಂತವರು ಬರದಿದ್ದು ಇದು.”

“ಹೌದನ? ಹಂಗಂದ್ರ ಅಡ್ಡಿಯಿಲ್ಲ. ಹೇಳವಾ, ಲಗೂ ಲಗೂ ಹೇಳಬ್ಯಾಡ, ನಿಂತು ಹೇಳು.”

ಅಂದಿನಿಂದ ಆಯಿ ಆ ಕಾಗದಗಳನ್ನು ಕೈ ತೊಳೆಯದೆ ಮುಟ್ಟಲಿಲ್ಲ. ನಾನು ವಚನದ ಧಾಟಿಯಲ್ಲೇ ಜರ್ಮನ್ ಕವಿತೆ ಹೇಳುತ್ತಿದ್ದೆ, ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಎರಡನೆಯ ಮಹಾಯುದ್ಧ ಶುರುವಾಯಿತು. ಜರ್ಮನ್ ಜನರನ್ನೆಲ್ಲ ಸರಕಾರ ಹಿಡಿದು ಶಿಬಿರಕ್ಕೆ ಕಳಿಸುತ್ತದೆ ಎಂದು ಸುದ್ದಿ ಬಂತು. ಮೊದಲು ಪಾದ್ರಿ ಹೋದರು, ಆಮೇಲೆ ಲೀನಮ್ಮನ ಸರದಿ. ಹೊರಡುವ ಮುಂಜಾನೆ ಅವರೇ ಆ ಕಾಗದಗಳನ್ನೆಲ್ಲ ತುಂಬಿದ ತಗಡಿನ ಪೆಟ್ಟಿಗೆಯನ್ನು ಟಾಂಗಾದಲ್ಲಿ ತಂದು ಪಡಸಾಲೆಯಲ್ಲಿ ಇಳಿಸಿದರು. ಕೂಡಿರಿ ಅಂದರೆ ಕೂಡಲಿಲ್ಲ.

“ಮಾಸ್ತರ್ರ, ಬಟ್ಟಿ ಬರೆ ಹೋದ್ರ ಹೋಗ್ಲಿ. ಇದನ್ನ ನೋಡ್ಕೊಳ್ರಿ.”

“ನನ್ನ ಮನ್ಯಾಗ ಇರೋತನಕ ಇದಕ್ಕ ಏನೂ ಆಗಂಗಿಲ್ರಿ. ನೀವು ಬಂದ ದಿವಸ ಹೆಂಗ ಕೊಟ್ಟೀರೋ ಹಂಗ ತಗೊಂಡು ಹೋಗ್ರಿ.”

ಈ ಮಾತನ್ನು ಅಪ್ಪ ನಿಂತು ಹೇಳಿದ. ತಿರುಗದೆ, ನಿಂತು. ಅವರು ಹೋದ ಮೇಲೆ ಮನೆಯಲ್ಲಿ ನೆಮ್ಮದಿ ಅನ್ನುವುದು ಉಳಿಯಲಿಲ್ಲ. ಜರ್ಮನ್ ಅಕ್ಷರ ಯಾರ ಮನೆಯಲ್ಲಿ ಸಿಕ್ಕರೂ ಬೇಡಿ ಹಾಕುತ್ತಾರೆ ಎಂದು ಹಿತ್ತಲ ಬೇಲಿಯ ಆಚೆಯವರು ಅವ್ವನ ಕಿವಿಗೆ ಹಾಕಿದ್ದರು. ಹೋಗುವುದು ಅಪ್ಪನ ನೌಕರಿ, ಆಮೇಲೆ ಅನ್ನ. ಅವ್ವನಿಗೆ ಅಕ್ಕಿ ಆರಿಸುವಾಗಲೂ ಅದೇ ಯೋಚನೆ, ನೀರು ಸೇದುವಾಗಲೂ ಅದೇ.

“ಏನ್ರೀ, ಆ ಪೆಟ್ಟಿಗಿ ಪಡಸಾಲ್ಯಾಗ ಕುಂತು ನನ್ನ ನೋಡಾಕತ್ತೈತಿ. ಒಲಿಗೆ ಹಾಕ್ರಿ, ಇಲ್ಲಾ ನನ್ನ ತವರಿಗೆ ಕಳಸ್ರಿ.”

“ಒಲಿಗೆ ಹಾಕ್ತಾಳಂತ! ಮಾತು ಕೊಟ್ಟೇನಿ ನಾ.”

“ಮಾತು ಕೊಟ್ಟವರು ನೀವು. ನಿದ್ದಿ ಬಿಟ್ಟವಳು ನಾನು.”

ಪೆಟ್ಟಿಗೆ ಅಪ್ಪನ ಕೋಣೆಗೆ ಹೋಯಿತು. ಅಲ್ಲಿ ಎಲ್ಲರಿಗಿಂತ ಮೊದಲು ಹುಡುಕುತ್ತಾರೆ ಎಂದು ಅಟ್ಟಕ್ಕೆ ಏರಿತು. ಅಟ್ಟದಲ್ಲಿ ಹಂಚು ಸೋರಿತು, ಜೋಳದ ಚೀಲಗಳ ಹಿಂದೆ ಇಳಿಯಿತು. ಚೀಲ ತೆಗೆದು ಹಾಕುವಾಗ ಹಮಾಲ ನೋಡಿಯಾನು ಎಂದು ಅವ್ವನ ಮಂಚದ ಕೆಳಗೆ ಬಂತು. ಮಂಚದ ಕೆಳಗೆ ಬಂದ ಮೇಲೆ ಅವ್ವ ಪಡಸಾಲೆಯಲ್ಲಿ ಮಲಗಿದಳು. ನಾನು ಸಾಲಿಯಿಂದ ಬಂದವಳು ಪಾಟಿ ಇಡುವ ಮುಂಚೆ ಪೆಟ್ಟಿಗೆ ಈಗ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಮನೆಯಲ್ಲಿ ಹೊಸದಾಗಿ ಒಂದು ಜರ್ಮನ್ ಅಕ್ಷರವನ್ನೂ ಬರೆಯಕೂಡದು ಎಂದು ಅವ್ವನ ಅಪ್ಪಣೆಯಾಯಿತು. ಸಂಜೆಯ ಕವಿತೆಯನ್ನು ಮಾತ್ರ ನಿಲ್ಲಿಸಲು ಆಯಿ ಒಪ್ಪಲಿಲ್ಲ. ದೇವರ ಮುಂದೆ ಹಿಡಿದದ್ದನ್ನು ಬಿಡಬಾರದು ಎಂದಳು. ಅದಕ್ಕೆ ಅವ್ವ ತನ್ನ ದಾರಿ ಹುಡುಕಿಕೊಂಡಳು. ನಾನು ಬಾಯಿ ತೆರೆದೊಡನೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಶುರು ಮಾಡುತ್ತಿದ್ದಳು. ಅದೇನು ಬಡಿತ! ಓಣಿಗೆ ಕೇಳುತ್ತಿದ್ದದ್ದು ರೊಟ್ಟಿಯ ಸಪ್ಪಳ ಒಂದೇ. ಆ ಕಾಲದಲ್ಲಿ ನಾವು ತಿಂದಷ್ಟು ತೆಳ್ಳನೆಯ ರೊಟ್ಟಿ ಮುಂದೆ ಯಾವತ್ತೂ ತಿನ್ನಲಿಲ್ಲ.

ಇಷ್ಟಾಗಿ ಯಾರೂ ಬರಲಿಲ್ಲ. ಪೊಲೀಸರು ಬರಲಿಲ್ಲ, ಯಾರೂ ಕೇಳಲಿಲ್ಲ. ಬಂದದ್ದು ಮಳೆ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಉಪ್ಪಿನ ಗಡಿಗೆಯೂ ಬೆವರುತ್ತದೆ. ಒಂದು ದಿನ ಆಯಿ ಪೆಟ್ಟಿಗೆಯ ಮುಚ್ಚಳ ತೆಗೆದು ಮೂಸಿ ನೋಡಿ ಅಪ್ಪನನ್ನು ಬೈದಳು.

“ಬೂಜು ಹಿಡದೈತಲ್ಲೋ ರುದ್ರಾ! ದೊಡ್ಡವರ ಬರವಣಿಗಿ ಕಳ್ಳಮಾಲಿನಂಗ ಮೂಲಿ ಮೂಲಿಗೆ ಒಗ್ಯಾಕತ್ತೀರಿ. ಇದರ ಜಾಗ ದೇವರ ಕೋಣಿ. ತಂದು ನನ್ನ ಕಟ್ಟಿನ ಮಗ್ಗಲಕ ಇಡು.”

ಪೆಟ್ಟಿಗೆ ದೇವರ ಕೋಣೆಗೆ ಹೋಯಿತು, ಅಲ್ಲೇ ನಿಂತಿತು. ಅವ್ವ ಕೂಡ ಸುಮ್ಮನಾದಳು. ದೇವರ ಕೋಣೆಗೆ ಬೂಟು ಹಾಕಿಕೊಂಡು ಯಾವ ಪೊಲೀಸ ಬರುತ್ತಾನೆ? ಅಷ್ಟರಲ್ಲಿ ಅಪ್ಪನಿಗೆ ಹುಬ್ಬಳ್ಳಿಯ ಸಾಲಿಗೆ ವರ್ಗವಾಗಿತ್ತು, ಮುಂಜಾನೆ ಗಾಡಿಗೆ ಹೋಗಿ ಸಂಜೆ ಬರುತ್ತಿದ್ದ. ಮನೆಗೆ ಬಹಳ ದಿನದ ಮೇಲೆ ಸ್ವಲ್ಪ ಉಸಿರು ಬಂದಂತಾಯಿತು.

ಮಹಾನವಮಿ ಹತ್ತಿರ ಬಂತು. ನಾನು ಸಾಲಿಯಿಂದ ಬಂದಾಗ ಹಿತ್ತಲಿಂದ ಮಜ್ಜಿಗೆಹುಲ್ಲಿನ ಎಣ್ಣೆಯ ವಾಸನೆ ಬರುತ್ತಿತ್ತು. ಗರಿಗಳ ದಿನ ಎಂದು ಖುಷಿಯಿಂದಲೇ ಓಡಿದೆ. ಚಾಪೆಯ ಮೇಲೆ ಒಂದು ಕಡೆ ತಾಳೆಗರಿಗಳು ಸಾಲಾಗಿ ಒಣಗುತ್ತಿದ್ದವು. ಇನ್ನೊಂದು ಕಡೆ ಲೀನಮ್ಮನ ಪೆಟ್ಟಿಗೆ ತೆರೆದಿತ್ತು. ಆಯಿಯ ಮುಂದೆ, ಮಣೆಯ ಮೇಲೆ, ಒಂದೇ ಒಂದು ಹಾಳೆ. ಯಾವುದನ್ನಾದರೂ ದೊಡ್ಡದರಿಂದ ಶುರು ಮಾಡಬೇಕು ಎನ್ನುವವಳು ಅವಳು. ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಅವಳಿಗೆ ಗೊತ್ತಿತ್ತು, ದಿನಾ ಸಂಜೆ ಆ ಕವಿತೆ ಕೇಳುತ್ತಿದ್ದಳಲ್ಲ, ಗೀರು ತುಂಬಿದ ಹಾಳೆ ಅದರದು ಎಂಬ ಗುರುತೂ ಇತ್ತು. ಕಾಗದ ಗರಿಯಲ್ಲ. ಅದು ಎಣ್ಣೆಯನ್ನು ಕುಡಿದಿತ್ತು. ಬಹಳ ವರ್ಷದಿಂದ ಒಣಗಿದೆ ಪಾಪ ಎಂದು ಅವಳು ಇನ್ನಷ್ಟು ಹಾಕಿದ್ದಳು. ಒರೆಸಿದ ಕಡೆ ಮಸಿಯ ಜೊತೆಗೆ ಹಳೆಯ ಶಾಯಿಯೂ ಎದ್ದು ಅರಿವೆಗೆ ಹತ್ತಿತ್ತು. ಆಯಿ ತಲೆಯೆತ್ತಿದಾಗ ಮುಖದಲ್ಲಿ ಬೆವರು, ಹಣೆಯ ವಿಭೂತಿಯ ಮೇಲೆ ಕಾಡಿಗೆಯ ಬೆರಳಚ್ಚು, ಮತ್ತು ನಗು.

“ತಡಿಯವಾ, ಇನ್ನೂ ಒರಸೂದೈತಿ. ಈಗ ಏಳ್ತಾರ ನೋಡು.”

ನಾನು ಚೀರಿದೆ. ಏನು ಚೀರಿದೆನೋ ನೆನಪಿಲ್ಲ. ಹಿಟ್ಟಿನ ಕೈಯಲ್ಲೇ ಓಡಿ ಬಂದ ಅವ್ವ ಹಾಳೆ ನೋಡಿದಳು, ಆಯಿಯನ್ನು ನೋಡಿದಳು, ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಆ ಪೆಟ್ಟಿಗೆ ಸುಟ್ಟುಹೋಗಲಿ ಎಂದು ದಿನಾ ಅನ್ನುತ್ತಿದ್ದವಳು ಅವಳೇ. ಅವಳೂ ಅತ್ತಳು.

ಸಂಜೆ ಅಪ್ಪ ಬಂದ. ಹಾಳೆಯನ್ನು ಬೆಳಕಿಗೆ ಹಿಡಿದ. ಆಗ ನಾವೆಲ್ಲ ಕಂಡೆವು. ನವಿರಾಗಿ ಬರೆದಿದ್ದ ಸಾಲುಗಳು ಅಳಿಸಿಹೋಗಿದ್ದವು. ಬೇಡವಾದದ್ದನ್ನು ಹೊಡೆಯಲು ಕವಿ ಸಿಟ್ಟಿನಿಂದ ಒತ್ತಿ ಎಳೆದ ಗೀರುಗಳು ಮಾತ್ರ, ಮಸಿ ಕೂತು, ಗರಿಯ ಮೇಲಿನ ಅಕ್ಷರದಂತೆ ಕಪ್ಪಗೆ ಎದ್ದು ನಿಂತಿದ್ದವು.

“ಒಂದು ಮಾತು ಕೇಳಬೇಕಿತ್ತಲ್ಲವಾ.”

“ನಿಮ್ಮಪ್ಪ ಕಲಿಸಿದ್ದು ಹಂಗಪ್ಪಾ. ಶರಣರಿದ್ದಂಗ ಅಂತ ನೀನ ಹೇಳಿದ್ದಿ.”

ಅಪ್ಪ ಹಾಳೆಯನ್ನು ಆಯಿಯ ಕೈಗೆ ತಿರುಗಿ ಕೊಟ್ಟ. ಹೇಳಿದವನು ಅವನೇ. ಇನ್ನು ಮುಂದೆ ಪೆಟ್ಟಿಗೆಯ ಮಾತು, ಕವಿತೆಯ ಮಾತು ಈ ಮನೆಯಲ್ಲಿ ಬೇಡ ಎಂದು ಬಾಗಿಲು ಮುಚ್ಚಿಕೊಂಡ. ಸಂಜೆಯ ಪಾಠ ಅಂದೇ ನಿಂತಿತು. ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ: ನಮಗೆ ಕವಿತೆ ಅಂದರೆ ಆ ಹಾಳೆ, ನಾನು ಸಂಜೆ ಹೇಳುತ್ತಿದ್ದದ್ದು ಪಾಠ. ಎರಡೂ ಒಂದೇ ಎಂದು ಓದಿದ ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆಯಿ ಮಾತ್ರ ದಿನಾ ಪೂಜೆಯ ಹೊತ್ತಿಗೆ ಆ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತನ್ನ ವಿಭೂತಿಯನ್ನೇ ಪುಡಿ ಮಾಡಿ ಉದುರಿಸುತ್ತಿದ್ದಳು. ಬೂದಿ ಎಣ್ಣೆ ಹೀರುತ್ತದೆ ಎಂದು ಅವಳ ನಂಬಿಕೆ. ಸ್ವಲ್ಪ ಹೀರಿತು ಕೂಡ. ಅಳಿಸಿದ್ದು ಬರಲಿಲ್ಲ. ಹಾಗೆ ಕೂತಾಗ ಅವಳ ತುಟಿ ಅಲ್ಲಾಡುತ್ತಿರುತ್ತಿತ್ತು. ಜಪ ಎಂದು ನಾವು ಹತ್ತಿರ ಹೋಗುತ್ತಿರಲಿಲ್ಲ.

ಯುದ್ಧ ಮುಗಿಯಿತು. ಲೀನಮ್ಮನ ಕಾರ್ಡು ಬಂತು. ಅವರನ್ನೆಲ್ಲ ಹಡಗು ಹತ್ತಿಸಿ ತಮ್ಮ ದೇಶಕ್ಕೆ ಕಳಿಸುತ್ತಾರೆ, ಪಾದ್ರಿಗಳು ಮುಂಬಯಿಯಲ್ಲಿ ಬಂದು ಕೂಡುತ್ತಾರೆ, ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಪೆಟ್ಟಿಗೆ ತಂದುಕೊಡಿ. ಅಪ್ಪ ಕಾರ್ಡು ಹಿಡಿದು ಅಂದು ಎಷ್ಟು ತಿರುಗಿದನೆಂದರೆ ಅವ್ವ ಚಹಾ ಬಸಿಗೆ ಹಾಕುವುದನ್ನೇ ಬಿಟ್ಟಳು. ತಾನೊಬ್ಬನೇ ಹೋಗುತ್ತೇನೆಂದ. ಆಯಿ ಆಗಲೇ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಕೈ ಹಿಡಿಯಲು ನಾನೂ ಹೊರಟೆ.

ಕಿಟಕಿಯಲ್ಲಿ ಕಂಡ ಲೀನಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಪ್ಪ ಪೆಟ್ಟಿಗೆಯನ್ನು ಕಿಟಕಿಯಿಂದ ಒಳಗೆ ಇಳಿಸಿದ. ಆಯಿ ಅವನನ್ನು ಸರಿಸಿ ಮುಂದೆ ಬಂದಳು.

“ತಾಯೀ, ಒಂದು ಹಾಳಿ ನಾ ಕೆಡಸೇನ್ರಿ. ಬೈಯೋದಿದ್ರ ನನ್ನ ಬೈರಿ. ರುದ್ರಪ್ಪನ್ನ ಬೈಬ್ಯಾಡ್ರಿ, ಅವಾ ಮಾತು ಉಳಸ್ಕೊಳ್ಳಾಕ ಭಾಳ ಒದ್ದಾಡ್ಯಾನ.”

ಬಿಳಿಯ ಅರಿವೆ ಬಿಚ್ಚಿ ಹಾಳೆಯನ್ನು ಕೊಟ್ಟಳು. ಲೀನಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಮಾತಾಡಿದ್ದು ಅಪ್ಪನ ಜೊತೆ, ಆಯಿಯ ಕಡೆ ಮುಖ ಮಾಡದೆ.

“ಅಣ್ಣನ ಮನಿ ಬಾಂಬಿಗೆ ಹೋತ್ರಿ ಮಾಸ್ತರ್ರ. ಅಲ್ಲಿದ್ದ ಕಾಗದ ಎಲ್ಲಾ ಬೂದಿ. ಶಿಬಿರದಾಗ ಈ ಕವಿತಿ ನೆನಿಸ್ಲಿಕ್ಕೆ ನೋಡ್ದೆ, ಒಂದ ಸಾಲು ಬಂತು. ಕಾಗದದ ಮ್ಯಾಲ ಅದ ಅಂತ ನಾ ಎಂದೂ ಬಾಯಿಪಾಠ ಮಾಡಿರಲಿಲ್ಲ. ಈಗ ನೋಡ್ರಿ, ಆ ಕವಿ ಬ್ಯಾಡ ಅಂತ ಹೊಡದದ್ದು ಅಷ್ಟ ಉಳದದ.”

ಅಪ್ಪ ತಲೆ ತಗ್ಗಿಸಿದ. ಆಯಿ ನನ್ನ ಕೈ ಜಗ್ಗಿದಳು.

“ನೀಲವ್ವಾ, ಹೇಳವಾ.”

“ಏನಾಯೀ?”

“ಸಂಜೀದು. ನಿಂತು ಹೇಳು.”

ಕೂಲಿಗಳು, ಹೂವಿನವರು, ಚಹಾದವನು, ಎಲ್ಲರ ನಡುವೆ ನಾನು ಶುರು ಮಾಡಿದೆ, ಅದೇ ವಚನದ ಧಾಟಿಯಲ್ಲಿ. ಮೊದಲ ಸಾಲಿಗೆ ಲೀನಮ್ಮ ತಿರುಗಿದರು. ಎರಡನೆಯದಕ್ಕೆ ಚೀಲದಿಂದ ಪೆನ್ಸಿಲ್ ಹುಡುಕಿದರು. ಮಂಜು ಬಂತು, ಗಾಡಿ ಬಂತು, ಒಲೆ, ಕುರ್ಚಿ, ಎಲ್ಲ ಬಂದವು. ಕೊನೆಯ ಸಾಲಿಗೆ ಬಂದು ನಿಂತುಬಿಟ್ಟೆ. ಮುಂದಿನದು ಇಲ್ಲ. ಎಷ್ಟು ತಡಕಾಡಿದರೂ ಇಲ್ಲ. ಲೀನಮ್ಮನ ಪೆನ್ಸಿಲ್ ಕಾಗದದ ಮೇಲೆ ಕಾಯುತ್ತಿತ್ತು. ಗಾರ್ಡ್ ಸೀಟಿ ಊದಿದ. ನನಗೆ ಅಳು ಬಂತು.

ಆಗ ಪಕ್ಕದಿಂದ ಆ ಸಾಲು ಕೇಳಿಸಿತು. ಆಯಿ ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಹೇಳುತ್ತಿದ್ದಳು. ಒಂದು ಅಕ್ಷರ ಓದಲು ಬಾರದವಳು, ಒಂದು ಪದದ ಅರ್ಥ ಬಿಡಿಸಲಾರದವಳು, ತಡವರಿಸದೆ, ಲಗುಬಗೆ ಮಾಡದೆ, ನಿಂತು ಹೇಳಿದಳು. ದೇವರ ಕೋಣೆಯಲ್ಲಿ ಅಷ್ಟು ವರ್ಷ ಅಲ್ಲಾಡಿದ ತುಟಿಗಳು ಏನು ಹೇಳುತ್ತಿದ್ದವು ಎಂದು ಅಪ್ಪನಿಗೂ ನನಗೂ ಒಟ್ಟಿಗೇ ತಿಳಿಯಿತು.

ಗಾಡಿ ಜಗ್ಗಿತು. ಲೀನಮ್ಮ ಕಿಟಕಿಯಿಂದ ಬಗ್ಗಿ ಆಯಿಯ ಮುಂಗೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು ಹರಿಯುತ್ತಿತ್ತು.

“ಕೊನೀ ಸಾಲು ಪೂರಾ ಬರಕೊಳ್ಳಿಲ್ಲ, ಆಯೀ. ಇನ್ನೊಮ್ಮೆ ಹೇಳ್ರಿ.”

ಬಾಗಿಲಿಗೆ ಅಗಳಿ ಹಾಕಬೇಡ, ಬಂದೇ ಬರುತ್ತೇನೆ. ಆಯಿ ಗಾಡಿಯ ಜೊತೆ ನಡೆಯುತ್ತ ಅದನ್ನು ಜರ್ಮನ್ನಿನಲ್ಲಿ ಹೇಳಿದಳು. ಮತ್ತೆ ಹೇಳಿದಳು. ಪ್ಲಾಟ್‌ಫಾರ್ಮ್ ಮುಗಿದು, ಕೈ ಬಿಟ್ಟು ಹೋದ ಮೇಲೂ ಅಲ್ಲೇ ನಿಂತು ಹೇಳುತ್ತಿದ್ದಳು.